ಹಾಕದೆ ಬಿಟ್ಟ ಚಿಲಕ

ದೀಪ ಹಾಗೇ ಇರಲಿ, ಆರಿಸಬೇಡಿ. ಇದು ನಮ್ಮ ದೊಡ್ಡಪ್ಪನ ಚಿಕ್ಕ ಮಗನಿಗೆ ಆದದ್ದು. ರಾತ್ರಿಯೆಲ್ಲ ಎದ್ದಿರ್ತಾನೆ ಅಂತ ನಾವೆಲ್ಲ ಅವನಿಗೆ ಗೂಬೆ ಅಂತೀವಿ. ಹನ್ನೊಂದು ಗಂಟೆಗೆ ಹಾಳುಬಾವಿ ದಾಟಿಕೊಂಡು ಒಬ್ಬನೇ ಮನೆಗೆ ಬರೋನು. ಅಲ್ಲಿ ಏನಾದ್ರೂ ಕಂಡ್ಯಾ ಅಂತ ಕೇಳಿದ್ರೆ, ಕಪ್ಪೆ ಅಂತಿದ್ದ. ಹೆದರೋ ಪೈಕಿ ಅಲ್ಲ.

ಅವನ ಅಣ್ಣ ಪೈಲಟ್. ಎರಡು ಪ್ರೊಪೆಲರ್‌ನ, ಮೂವತ್ತು ಸೀಟಿನ ಚಿಕ್ಕ ವಿಮಾನ. ಎರಡೂ ಒಂದೇ ವೇಗದಲ್ಲಿ ತಿರುಗದಿದ್ರೆ ಸದ್ದು ಅಲೆಅಲೆಯಾಗಿ ಬರುತ್ತೆ... ಊಂ... ವೂಂ... ಊಂ... ವೂಂ. ಪೈಲಟ್ ಕೈ ಹತ್ರ ಒಂದೊಂದು ಪ್ರೊಪೆಲರ್‌ಗೂ ಒಂದೊಂದು ಲಿವರ್ ಇರುತ್ತೆ, ಬಲಗಡೇದನ್ನ ಉಗುರಿನಷ್ಟು ಮುಂದೆ ತಳ್ಳಿದ್ರೆ ಒಂದೇ ಸಮನೆ ಆಗುತ್ತೆ. ಅಣ್ಣ ಇಳಿಯೋ ಮುಂಚೆ ಮನೆ ಮೇಲೆ ಹಾಯುವಾಗ ಬೇಕಂತಲೇ ಸದ್ದು ಕೆಡಿಸಿ, ಆಮೇಲೆ ಸರಿ ಮಾಡ್ತಿದ್ದ. ಬಂದೆ ಅಂತ ಅರ್ಥ. ಅತ್ತಿಗೆ ಎದ್ದು ಬಾಗಿಲ ಚಿಲಕ ತೆಗೆದಿಡೋರು.

ಒಂದಿನ ಬೇರೆ ಊರಿನ ಹೋಟೆಲ್‌ನಲ್ಲಿ ಮಲಗಿದೋನು ಏಳಲಿಲ್ಲ. ಹೃದಯ ನಿಂತಿತ್ತು.

ಅತ್ತಿಗೆ ಅಳಲಿಲ್ಲ. ಅಡುಗೆ ಮಾಡಿದ್ರು, ಬಟ್ಟೆ ಮಡಿಸಿದ್ರು. ಚಿಲಕ ಮಾತ್ರ ಹಾಕಲೇ ಇಲ್ಲ... ಎಂಟು ತಿಂಗಳು. ಪಕ್ಕದ ಮನೆಗೆ ಕಳ್ಳರು ನುಗ್ಗಿದ ಮೇಲೂ ಇಲ್ಲ. ಗೂಬೆ ಹಾಕಿ ಬಂದ್ರೆ, ಇವರು ಎದ್ದು ಹೋಗಿ ತೆಗೆಯೋರು. ನಿದ್ದೇಲಿ ನನಗೆ ವಿಮಾನದ ಸದ್ದು ಕೇಳಿಸದೆ ಹೋದ್ರೆ ಅಂತ ಅಷ್ಟೇ ಹೇಳೋರು. ಗೂಬೆ ಹೇಳಿ ಹೇಳಿ ಸೋತ. ಈ ಮನೆ ಇನ್ನು ಯಾವತ್ತೂ ನಿದ್ದೆ ಮಾಡಲ್ಲ ಅನ್ನಿಸಿತ್ತಂತೆ ಅವನಿಗೆ.

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸೋ ಸಿಮ್ಯುಲೇಟರ್ ಇದೆಯಲ್ಲ, ಅದಕ್ಕೆ ಹೊಸ ವಿಮಾನ ಮಾಡಿ ಸೇರಿಸೋದೇ ಗೂಬೆ ಕೆಲಸ. ಅಣ್ಣನ ವಿಮಾನವನ್ನೇ ಮಾಡೋಕೆ ಕೂತ. ಸ್ವಿಚ್ಚಿನ ಟಕ್, ಚಕ್ರ ಇಳಿಯೋ ಗರ್ರ್... ಧಡ್, ಎಲ್ಲ ನಿಜವಾದ ವಿಮಾನದಲ್ಲೇ ರೆಕಾರ್ಡ್ ಮಾಡ್ಕೊಂಡು ಬಂದಿದ್ದ. ಮೇಜಿನ ಮೇಲೆ ಎರಡು ಲಿವರ್ ಕೂರಿಸಿದ್ದ.

ಆ ರಾತ್ರಿ ಮಹಡಿ ಕೋಣೆಯಲ್ಲಿ ಹೆಡ್‌ಫೋನ್ ಹಾಕ್ಕೊಂಡು ಮೊದಲ ಸಲ ಹಾರಿಸಿದ. ಪರದೆ ಮೇಲೆ ನಮ್ಮೂರಿನ ದೀಪಗಳು. ಊಂ... ವೂಂ... ಊಂ... ವೂಂ. ಎರಡೂ ಕೈಯಲ್ಲಿ ಚಹಾ ಲೋಟ ಹಿಡಿದು ಸುಮ್ಮನೆ ಕೇಳ್ತಿದ್ದ.

ಮನೆ ಮೇಲೆ ಬಂತು.

ಊಂ... ವೂಂ... ಊಂ... ಊಂಂಂಂ.

ಒಂದೇ ಸಮನೆ.

ಅವನು ಲೋಟ ಕೆಳಗಿಟ್ಟಿರಲಿಲ್ಲ. ಭಯಾನೂ ಆಗಲಿಲ್ಲವಂತೆ. ಹೆಡ್‌ಫೋನ್ ತೆಗೆದ. ಕೆಳಗೆ ಮುಂಬಾಗಿಲು ಕಿರ್ರ್ ಅಂತು. ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ ಚಿಲಕ. ಟಣ್.

ಇಳಿದು ಬಂದ. ಅತ್ತಿಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ರು. ಚಿಲಕ ಹಾಕಿತ್ತು.

"ಯಾಕೆ ಅತ್ತಿಗೆ, ಎದ್ದುಬಿಟ್ರಿ?"

"ಮೆಲ್ಲಗೆ ಮಾತಾಡು," ಅಂದ್ರು. "ಈಗ ತಾನೇ ಒಳಗೆ ಹೋದ್ರು."

ಆವತ್ತಿಂದ ದಿನಾ ಚಿಲಕ ಹಾಕಿಯೇ ಮಲಗ್ತಾರೆ. ಚೆನ್ನಾಗಿ ನಿದ್ದೆ ಮಾಡ್ತಾರೆ. ನಂಬೋದು ಬಿಡೋದು ನಿಮ್ಮಿಷ್ಟ, ನಾನೇ ಹೋಗಿ ಎರಡು ರಾತ್ರಿ ಇದ್ದು ಬಂದೆ. ಮಲಗೋ ಮುಂಚೆ ಎರಡು ಲಿವರನ್ನೂ ನನ್ನ ಕೈಯಾರೆ ಸಮಕ್ಕೆ ಇಟ್ಟು, ಮಹಡಿ ಕೋಣೆಗೆ ಬೀಗ ಹಾಕಿ, ಬೀಗದ ಕೈ ದಿಂಬಿನ ಕೆಳಗೆ ಇಟ್ಕೊಂಡಿದ್ದೆ. ಎರಡೂ ದಿನ ಬೆಳಿಗ್ಗೆ ನೋಡಿದೆ... ಬಲಗಡೇದು ಉಗುರಿನಷ್ಟು ಮುಂದಿತ್ತು.