ಎರಡು ಅಂಕದ ಗುಡ್ಡ

ನಗ್ಬೇಡಿ ಮಾಮಿ! ನಗು ಬಂದ್ರೆ ಆ ಬಿಡಿಸ್ತಿರೋ ಬೆಳ್ಳುಳ್ಳಿ ನೋಡ್ಕೊಂಡು ನಗಿ, ನನ್ನ ಮುಖ ನೋಡಿ ಬೇಡ. ನಾಳೆ ಕೊಯಮತ್ತೂರಲ್ಲಿ ಅಷ್ಟು ಜನ ದೊಡ್ಡ ಇಂಜಿನಿಯರುಗಳ ಮುಂದೆ ನಿಂತು ಇದನ್ನೇ ಹೇಳ್ಬೇಕು ನಾನು. ಟ್ರೈನಿಂಗಿನ ಕಡೇ ಪರೀಕ್ಷೆ. "ಇಂದ್ರಾಣಿ ಮೇಡಂ, ನಿಮ್ಮ ಪ್ರಾಜೆಕ್ಟಿಗೆ ಏನೇನು ರಿಸ್ಕಿದೆ, ಹೇಗೆ ನಿಭಾಯಿಸ್ತೀರಿ?" ಅಂತ ಕೇಳ್ತಾರೆ. ಅದಕ್ಕೆ ಮೊದಲು ಅತ್ತೆ ಮುಂದೆ ಒಂದ್ಸಲ ಒಪ್ಪಿಸಿಬಿಡೋಣ ಅಂತ ಕೂತ್ರೆ, ಅತ್ತೆಗೆ ನಗು!

ಏನು? ಹೌದು, ಇವತ್ತು ಬೇಗ ಬಂದೆ. ಓದ್ಬೇಕಲ್ಲ... ಮಳೆ ಬೇರೆ. ಆ ಶೆಡ್ಡಲ್ಲಿ ಕೂತ್ರೆ ತಗಡಿನ ಸದ್ದಿಗೆ ನಮ್ಮ ಮಾತು ನಮಗೇ ಕೇಳಲ್ಲ. ಅಷ್ಟೇ. ಬೇರೆ ಏನಿಲ್ಲ.

ಕಾಪಿ ಆಮೇಲೆ ಕುಡೀತೀನಿ, ನೀವು ಕೂತ್ಕೊಳ್ಳಿ. ನೋಡಿ, ರಿಸ್ಕ್ ಅಂದ್ರೆ ಅಪಾಯ ಅಲ್ಲ. ಅಯ್ಯೋ, ಹಾಗೆ ನೋಡ್ಬೇಡಿ! ಅಪಾಯ ಅಂದ್ರೆ ಆಗಲೇ ಬಂದು ಅಂಗಳದಲ್ಲಿ ನಿಂತಿರೋದು. ರಿಸ್ಕ್ ಅಂದ್ರೆ ಬಂದರೂ ಬರಬಹುದು ಅನ್ನೋದು. ನಿಮ್ಮ ಕರಡಿ ಥರ. ಹೂಂ, ಹೋದ ವರ್ಷ ಹಿಂದಿನ ಕೊಟ್ಟಿಗೆಗೆ ಎಣ್ಣೆ ಕುಡಿಯೋಕೆ ಬಂತಲ್ಲ, ಅದೇ ಕರಡಿ! ನೀವು ಏನು ಮಾಡಿದ್ರಿ? ಎಣ್ಣೆ ಡಬ್ಬ ಎತ್ಕೊಂಡು ಬಂದು ಅಡುಗೆಮನೇಲಿ ಇಟ್ರಿ. ಕರಡಿ ಏನು ಮಾಡ್ತು? ಮಾರನೇ ದಿನ ಸೀದಾ ಅಡುಗೆಮನೆ ಬಾಗಿಲಿಗೇ ಬಂದು ಪರಚ್ತು!

ನಗಿ, ನಗಿ. ಈಗ ನಗಬಹುದು. ಆವತ್ತು ಒಂದೇ ಕಂಬಳಿಯೊಳಗೆ ನಾನೂ ನೀವೂ "ಹೆತ್ತೆ ಅಮ್ಮಾ ಕಾಪಾಡು" ಅಂತ ನಡುಗ್ತಾ ಕೂತಿದ್ವಲ್ಲ! ಅದಕ್ಕೂ ಒಂದು ಹೆಸರಿಟ್ಟಿದ್ದಾರೆ ಮಾಮಿ. ಸೆಕೆಂಡರಿ ರಿಸ್ಕ್. ಒಂದನ್ನ ತಪ್ಪಿಸೋಕೆ ಹೋಗಿ ನಾವೇ ಕೈಯಾರೆ ಹುಟ್ಟಿಸೋ ಇನ್ನೊಂದು. ನಮ್ಮ ಮೇಷ್ಟ್ರು ಇದನ್ನ ಹೇಳಿದಾಗ ಎಲ್ಲರೂ ಬರ್ಕೊಂಡ್ರು, ನಾನೊಬ್ಬಳೇ ಕಿಸಕ್ಕಂತ ನಕ್ಕೆ. ನಿಮ್ಮ ಎಣ್ಣೆ ಡಬ್ಬ ನೆನಪಾಯ್ತು.

ಆ ಬಟ್ಟಲು ಯಾರಿಗೆ ಮುಚ್ಚಿಟ್ಟಿದ್ದೀರಿ? ಅವರೆ ಉದಕಾನಾ? ಸಾರಿನ ಘಮ ಬರ್ತಿದೆ. ಓ, ತೇನ್ಮೊಳಿಗೆ. ಪಕ್ಕದ ಮನೆ ಹುಡುಗಿ ಸ್ಕೂಲಿಂದ ಬಂದ ತಕ್ಷಣ ಅವಳ ಮನೆಗೂ ಹೋಗದೆ ಇಲ್ಲಿಗೇ ಓಡಿಬರ್ತಾಳೆ. ನಂಗೆ ಮಾತ್ರ ಬರೀ ಕಾಪಿ. ಆಗ್ಲಿ, ಆಗ್ಲಿ. ಸೊಸೆ ಅಲ್ವಾ ನಾನು.

ಸರಿ, ಈಗ ನಮ್ಮ ಕೆಲಸಕ್ಕೆ ಬನ್ನಿ. ನಮ್ಮ ತಿರುವು. ನಮ್ಮೂರು ಇತ್ತಲಾರಿಂದ ಆಚೆ ಹೋಗೋರೆಲ್ಲ ಅದನ್ನ ದಾಟ್ಲೇಬೇಕು. ಬಸ್ಸು, ಫ್ಯಾಕ್ಟರಿಗೆ ಹೋಗೋ ಟೀ ಎಲೆ ಗಾಡಿ, ಆಸ್ಪತ್ರೆಗೆ ಹೋಗೋರು, ಎಲ್ಲಾ. ಅಲ್ಲೇ ಗುಡ್ಡ ಕಡಿದು ರಸ್ತೆ ಅಗಲ ಮಾಡ್ತಾ ಇದ್ದೀವಿ. ಗೋಡೆ ಕಟ್ಟೋರು ಒಬ್ಬರು, ನೀರಿನ ಪೈಪು ಹಾಕೋರು ಇನ್ನೊಬ್ಬರು, ಕೇಬಲಿನೋರು ಮತ್ತೊಬ್ಬರು. ಒಬ್ಬರು ಮುಚ್ಚಿದ್ದನ್ನ ಇನ್ನೊಬ್ಬರು ಅಗೀತಾರೆ. ಪೈಪಿನೋರು ತಡ ಮಾಡಿದ್ರೆ ಗೋಡೆ ನಿಲ್ಲುತ್ತೆ, ಗೋಡೆ ನಿಂತ್ರೆ ಗುಡ್ಡ ಬರಿಮೈಯಲ್ಲಿ ಮಳೆಗೆ ನಿಲ್ಲುತ್ತೆ. ಒಂದಕ್ಕೊಂದು ಗಂಟು. ಆ ಗಂಟು ನೋಡ್ಕೊಳ್ಳೋ ಕೆಲಸ ನಂದು. ದಿನಾ ಬೆಳಿಗ್ಗೆ ಗುಡ್ಡ ನೋಡಿ ಬೋರ್ಡ್ ಮೇಲೆ ಒಂದು ಅಂಕ ಹಾಕ್ಬೇಕು. ಒಂದು ಅಂದ್ರೆ ಚಿಂತೆಯಿಲ್ಲ. ಎರಡು ಅಂದ್ರೆ ಒಂದು ಕಣ್ಣಿಟ್ಟಿರಿ. ನಾಲ್ಕು ಅಂದ್ರೆ... ನಾಲ್ಕು ಅಂದ್ರೆ ರಸ್ತೆ ಮುಚ್ಚಬೇಕು. ಯಾರನ್ನೂ ಕೇಳೋ ಹಾಗಿಲ್ಲ. ನಾನು ಹೇಳಿದ್ರೆ ಗೇಟು ಬಿತ್ತು. ಅಷ್ಟು ಅಧಿಕಾರ ಇದೆ ನಿಮ್ಮ ಸೊಸೆಗೆ!

ಇವತ್ತಾ? ಇವತ್ತು ಎರಡು.

ಎರಡೇ ಮಾಮಿ. ಯಾಕೆ ಹಾಗೆ ನೋಡ್ತೀರಿ? ಮಳೆ ಬಂದ ಮಾತ್ರಕ್ಕೆ ನಾಲ್ಕು ಆಗಲ್ಲ. ಅದಕ್ಕೆಲ್ಲ ಲೆಕ್ಕ ಇದೆ. ನಮ್ಮ ಸೈಟಿನ ಮೇಲಧಿಕಾರಿ ಪ್ರವೀಣ್‌ಕುಮಾರ್ ಸಾರ್ ಕೂಡ ಎರಡೇ ಸಾಕು ಅಂದ್ರು. ನಾಳೆ ಚೆನ್ನೈಯಿಂದ ಮೇಲಿನೋರು ನೋಡೋಕೆ ಬರ್ತಾರೆ, ಇವತ್ತು ಮುಚ್ಚಿದ್ರೆ ಮರ್ಯಾದೆ ಏನಾಗುತ್ತೆ ಅಂತ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅವರಿಗೆ. ನನ್ನ ಹೆಸರು ಬೇರೆ ಬಡ್ತಿಗೆ ಅಂತ ಮೇಲಕ್ಕೆ ಕಳಿಸಿದ್ದಾರಂತೆ... ಅದು ಬಿಡಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬಿರುಕಾ? ಯಾರು ಹೇಳಿದ್ದು ನಿಮಗೆ ಬಿರುಕಿನ ವಿಷಯ? ನಾನಾ? ನಿನ್ನೆ ಊಟ ಮಾಡ್ತಾ ಹೇಳಿದ್ನಾ? ಇರ್ಬಹುದು. ಸಣ್ಣದು ಮಾಮಿ, ಗುಡ್ಡದ ನೆತ್ತೀಲಿ. ನಿನ್ನೆ ಬೆರಳು ಹೋಗ್ತಿತ್ತು. ಇವತ್ತು... ಇವತ್ತು ಸರಿಯಾಗಿ ನೋಡ್ಲಿಲ್ಲ. ಮಂಜಿತ್ತು. ಕೈ ಹೋಗುತ್ತೋ ಏನೋ. ಬೆಳ್ಳುಳ್ಳಿ ಯಾಕೆ ನಿಲ್ಲಿಸಿದ್ರಿ? ಬಿಡಿಸಿ, ಬಿಡಿಸಿ. ನಾನು ನೋಟ್ಸ್ ತೆಗೀತೀನಿ, ನೀವು ಒಂದೊಂದೇ ಪ್ರಶ್ನೆ ಕೇಳಿ, ನಿಮಗೂ ಕಾಲ ಕಳೆಯುತ್ತೆ. ಎಲ್ಲಿ ಹೋಯ್ತು ಇದು... ಈ ಬ್ಯಾಗಲ್ಲಿ ಯಾವುದೂ ಕೈಗೆ ಸಿಗಲ್ಲ...

ಅಯ್ಯೋ.

ಅದಾ? ಅದು... ಆಫೀಸ್ ಶೆಡ್ಡಿನ ಕೀ. ಗೆಜ್ಜೆ... ಇಂಥ ಗೆಜ್ಜೆ ಎಲ್ಲಾ ಕಡೆ ಸಿಗುತ್ತಲ್ಲ ಮಾಮಿ. ಕೊಡಿ ಇಲ್ಲಿ. ಕೊಡಿ. ಹೂಂ, ಸರಿ. ಹೌದು. ಹೆತ್ತೆ ಹಬ್ಬದಲ್ಲಿ ನೀವೇ ಕಟ್ಟಿದ ಗೆಜ್ಜೆ. ನಮ್ಮ ಜೀಪಿನ ಕೀನೇ. ಬೆಳಿಗ್ಗೆ ಗೊತ್ತಿಲ್ಲದೆ ನನ್ನ ಬ್ಯಾಗಿಗೆ ಬಿದ್ದಿರ್ಬೇಕು.

ಹಾಗೆ ನೋಡ್ಬೇಡಿ ನನ್ನ! ಬಯ್ಯೋದಾದ್ರೆ ಬಯ್ದುಬಿಡಿ. ಸರಿ, ನಾನೇ ತಗೊಂಡೆ. ನಿಮ್ಮ ಮಗನಿಗೆ ಹೇಳಿದ್ರೆ ಕೇಳ್ತಾರಾ? "ನೀನು ಇಂಜಿನಿಯರ್ರಾ, ಜ್ಯೋತಿಷ್ಯ ಹೇಳೋಳಾ?" ಅಂತಾರೆ. ಅದಕ್ಕೆ ಒಂದು ದಿನ, ಒಂದೇ ಒಂದು ದಿನ ಗಾಡಿ ತೆಗೀದೆ ಮನೇಲಿ ಬಿದ್ದಿರ್ಲಿ ಅಂತ... ತಪ್ಪಾ? ಗಂಡ ಚೆನ್ನಾಗಿರ್ಲಿ ಅನ್ನೋದು ತಪ್ಪಾ? ಬೆಳಿಗ್ಗೆಯಿಂದ ಮನೆಯೆಲ್ಲ ಹುಡುಕಿದ್ರಾ? ಪಾಪ, ನೀವೂ ಮಂಚದ ಕೆಳಗೆಲ್ಲ ಬಗ್ಗಿದ್ರಾ? ಕ್ಷಮಿಸಿ ಮಾಮಿ. ಅವರು ಎದ್ದ ಮೇಲೆ ನಾನೇ ಹೇಳ್ತೀನಿ. ಊಟ ಮಾಡಿ ಮಲಗಿದ್ದಾರಲ್ಲ ಒಳಗೆ?

ಮಾಮಿ. ಮಲಗಿದ್ದಾರಲ್ಲ?

ತಡೀರಿ, ನಾನೇ ಒಳಗೆ ನೋಡ್ತೀನಿ. ರೀ... ಏನ್ರೀ... ಸೆಲ್ವ! ಕಂಬಳಿ ಮಡಚಿದೆ. ಬೂಟು ಎಲ್ಲಿ? ಜಗಲೀಲಿ ಎಲೆ ಮೂಟೆ ಇತ್ತಾ? ನಾನು ಬರುವಾಗ ನೋಡ್ಲೇ ಇಲ್ಲ, ಕೊಡೆ ಮಡಚ್ತಾ ಒಳಗೆ ಬಂದ್ಬಿಟ್ಟೆ... ಮಳೇಲೂ ಎಲೆ ಕಿತ್ರಾ ಇವತ್ತು? ಕೀಳ್ತಾರೆ, ಹೌದು, ಮಳೇಲೂ ಕೀಳ್ತಾರೆ. ಕಿತ್ತ ಎಲೆ ಮನೇಲಿ ರಾತ್ರಿ ಕಳೀಬಾರ್ದು, ಬಿಸಿಯಾಗಿ ಕೊಳೆಯುತ್ತೆ. ಮದುವೆಯಾಗಿ ಬಂದ ಮೊದಲ ವಾರವೇ ನೀವು ಹೇಳಿಕೊಟ್ಟ ಮಾತು! ಒಬ್ಬರ ಗಾಡಿ ನಿಂತ್ರೆ ಹಟ್ಟಿಯಲ್ಲಿ ಇನ್ನೊಬ್ಬರು ಹೇರ್ಕೊಂಡು ಹೋಗ್ತಾರೆ. ಫ್ಯಾಕ್ಟರೀಲಿ ತೂಕ ಹಾಕುವಾಗ ಎಲೆಯವರು ಜೊತೇಲಿ ನಿಂತಿರ್ಬೇಕು... ನಾನು ಗುಡ್ಡ ನೋಡಿದೆ, ಪೈಪು ನೋಡಿದೆ, ಎಲ್ಲಾ ನೋಡಿದೆ, ಎಲೆ ಕಾಯಲ್ಲ ಅನ್ನೋದನ್ನ ಮರೆತುಬಿಟ್ಟೆ!

ಯಾರ ಗಾಡೀಲಿ ಹೋದ್ರು? ರಾಜಾಮಣಿ ಅಣ್ಣಂದಾ? ಯಾವಾಗ? ಈಗ ತಾನೇನಾ?

ಫೋನು... ನನ್ನ ಫೋನು ಎಲ್ಲಿ... ಹೋಗ್ತಾ ಇಲ್ಲ. ಅವರ ಫೋನಿಗೆ ಹೋಗ್ತಾ ಇಲ್ಲ ಮಾಮಿ! ಆ ಇಳಿಜಾರಲ್ಲಿ ಟವರ್ ಸಿಗಲ್ಲ. ಇರಿ, ಗೇಟು ಕಾಯೋ ಹುಡುಗನಿಗೆ ಮಾಡ್ತೀನಿ. ಎತ್ತು, ಎತ್ತು... ಹಲೋ, ಕಾರ್ತಿ! ಇಂದ್ರಾಣಿ ಮಾತಾಡ್ತಿರೋದು. ರಾಜಾಮಣಿ ಅಣ್ಣನ ಗಾಡಿ ಬಂತಾ? ಗೇಟಲ್ಲೇ ನಿಂತಿದೆಯಾ? ಬಿಡ್ಬೇಡ! ಎದುರುಗಡೆಯಿಂದ ಬರ್ಲಿ ಅಂತ ನಿಲ್ಲಿಸಿದ್ದೀಯಾ... ಏನು ಬರ್ತಿದೆ ಎದುರುಗಡೆಯಿಂದ? ಸ್ಕೂಲ್ ವ್ಯಾನಾ? ಕಾರ್ತಿ, ಅದನ್ನೂ ಬಿಡ್ಬೇಡ! ವಾಕಿಟಾಕೀಲಿ ಆ ಕಡೆಯೋನಿಗೆ ಹೇಳು, ಕೆಂಪು ಬಾವುಟ ಹಿಡೀ ಅಂತ ಕೂಗು! ನಾನು ಲೈನಲ್ಲೇ ಇರ್ತೀನಿ, ಮೊದಲು ಕೂಗು...

ನಿಂತ್ತಾ? ನಿಂತ್ತಾ, ಸರಿಯಾಗಿ ನೋಡಿ ಹೇಳು! ಆಚೆ ಕಡೆಯೇ? ತಿರುವಿಗೆ ಬಂದಿಲ್ವಲ್ಲ? ಹೆತ್ತೆ ಅಮ್ಮಾ... ಮಕ್ಕಳನ್ನ ಇಳಿಸಿ ಆ ಕಡೆ ಟೀ ಅಂಗಡೀಲಿ ಕೂರಿಸೋಕೆ ಹೇಳು. ರಸ್ತೆ ಮುಚ್ಚು. ಎರಡೂ ಕಡೆ. ಯಾರ ಆರ್ಡರಾ? ನಂದು. ಪ್ರವೀಣ್‌ಕುಮಾರ್ ಸಾರ್ ಕೇಳಿದ್ರೆ ನನಗೇ ಫೋನ್ ಮಾಡ್ಲಿ. ಬೋರ್ಡಲ್ಲಿ ಎರಡು ಅಳಿಸು. ನಾಲ್ಕು ಹಾಕು. ಏನು? ಇಲ್ಲ ಕಾರ್ತಿ, ಈಗ ಆಗಿದ್ದಲ್ಲ. ಬೆಳಿಗ್ಗೆ ಕೈ ಹಾಕಿ ನೋಡಿದೆ, ಮಣಿಕಟ್ಟಿನ ತನಕ ಹೋಯ್ತು. ಬೆಳಿಗ್ಗೆಯಿಂದಲೇ ನಾಲ್ಕು.

ಹ್ಞಾ... ನಿಂತ್ರು ಮಾಮಿ. ನಿಮ್ಮ ಮಗ ಗೇಟಿನ ಈ ಕಡೇನೇ ಇದ್ದಾರಂತೆ, ರಾಜಾಮಣಿ ಅಣ್ಣನ ಜೊತೆ ಬೀಡಿ ಸೇದ್ತಾ. ಬರ್ಲಿ ಮನೆಗೆ, ಮಾಡ್ತೀನಿ! ಆ ಕಾಪಿ ಕೊಡಿ ಈಗ.

ಕಾಪಿ ಮಾಮಿ.

ಏನಾಯ್ತು? ಏನೂ ಆಗ್ಲಿಲ್ವಲ್ಲ! ಸೆಲ್ವ ಚೆನ್ನಾಗಿದ್ದಾರೆ ಅಂದ್ನಲ್ಲ! ಕೀ ಬಚ್ಚಿಟ್ಟಿದ್ದಕ್ಕೆ ಕೋಪಾನಾ? ಅಲ್ವಾ? ಮತ್ತೆ ಯಾಕೆ... ಆ ಬಟ್ಟಲು ಯಾಕೆ ಹಾಗೆ ಹಿಡ್ಕೊಂಡಿದ್ದೀರಿ? ಅವಳೂ ಬರ್ತಾಳೆ ಮಾಮಿ, ಸ್ವಲ್ಪ ತಡವಾಗುತ್ತೆ ಅಷ್ಟೇ. ಬರ್ತಾಳೆ.

ಬಾಯಿಗೆ ಬಂದ ಹಾಗೆ ಬಯ್ಯಿರಿ. ಹೀಗೆ ಬಟ್ಟಲು ಹಿಡ್ಕೊಂಡು ನಿಲ್ಬೇಡಿ!

ಹೌದು. ಬೆಳಿಗ್ಗೆ ವ್ಯಾನ್ ಹೋಗುವಾಗಲೂ ಅದೇ ದಾರಿ. ನನ್ನ ಗಂಡನ ಕೀ ನನ್ನ ಬ್ಯಾಗಲ್ಲಿತ್ತು. ಕಾರ್ತಿ ಟೀ ಕುಡಿಯೋಕೆ ಹೋಗಿದ್ದ, ಗೇಟಲ್ಲಿ ನಾನೊಬ್ಬಳೇ. ತೇನ್ಮೊಳಿ ಮುಂದಿನ ಸೀಟಲ್ಲಿ ಕೂತಿದ್ಲು, "ಅಕ್ಕಾ" ಅಂತ ಕೈ ಆಡಿಸಿದ್ಲು. ಹಸಿರು ಬಾವುಟ ಬೀಸಿ ಅವಳನ್ನ ಆ ತಿರುವಿಗೆ ಕಳಿಸಿದ್ದು ನಾನೇ ಮಾಮಿ.