ಭಾವನ ಅಂಗಿ

ಗುಮಾಸ್ತೆ ಕೆಲಸದ ಸಂದರ್ಶನಕ್ಕೆ ಬಂದಿದ್ದ ಹುಡುಗಿ ಬಟ್ಟೆ ಕಾರ್ಖಾನೆಯ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಬೇಕೆಂದು ಕೇಳಿಸಿಕೊಂಡದ್ದಲ್ಲ, ಪಕ್ಕದಲ್ಲಿದ್ದ ಅಕ್ಕ ತಮ್ಮಂದಿರ ಪಿಸುಮಾತು ತಾನಾಗಿ ಅವಳ ಕಿವಿಗೆ ಬಿತ್ತು.

“ನೆಟ್ಟಗೆ ಕೂತ್ಕೊ. ಕೈ ಕಟ್ಟಬೇಡ.”

“ಕಟ್ಟದಿದ್ರೆ ತೋಳು ಜೋತು ಬೀಳತ್ತಕ್ಕ. ಭಾವನ ಭುಜ ಎಲ್ಲಿ, ನನ್ನ ಭುಜ ಎಲ್ಲಿ.”

“ಹೊಸ ಅಂಗಿ ಕಣೋ. ಅವರು ಒಂದೇ ಸಲ ಹಾಕಿರೋದು.”

“ನಾನು ಕೇಳೋಕೆ ಬಂದಿರೋದು ಟೈಲರ್ ಕೆಲಸ. ಅಳತೆಗೆ ಕೂರದ ಅಂಗಿ ತೊಟ್ಟವನ ಕೈಗೆ ಯಾರು ಕತ್ತರಿ ಕೊಡ್ತಾರೆ?”

ಅಕ್ಕ ಅವನ ಕಾಲರ್ ಎಳೆದು ಸರಿಮಾಡಿದಳು.

“ನಿನ್ನ ಅಂಗಿಯ ಕಾಲರ್ ಸವೆದಿತ್ತಲ್ಲೋ.”

“ಬಿಚ್ಚಿ, ತಿರುಗಿಸಿ ಹೊಲಿದಿದ್ದೀನಿ. ನೀನು ನೋಡಿದ್ರೆ ತಾನೆ.”

“ನಿನ್ನ ಅಂಗಡಿ ಮುಚ್ಚಿದಾಗಿನಿಂದ ಎಷ್ಟು ಕಡೆ ಅಲೆದಾಯ್ತು. ಇಲ್ಲೂ ಕೈಬಿಟ್ರೆ ನಿಮ್ಮ ಭಾವಂಗೆ ನಾನು ಏನು ಹೇಳಲಿ?”

“ಅವರ ಅನ್ನ ಸಾಲದು ಅಂತ ಅಂಗೀನೂ ಬೇಕಿತ್ತಾ ನಂಗೆ?”

ಅಕ್ಕ ಕೈಚೀಲದ ತಳಕ್ಕೆ ಕೈ ಹಾಕಿದಳು.

“ತಗೋ, ನಿಂದೇ. ಮನಸ್ಸು ತಡೀಲಿಲ್ಲ, ತುರುಕಿಕೊಂಡು ಬಂದೆ. ಬೇಗ ಬದಲಾಯಿಸು.”

ಅವನು ಬಚ್ಚಲಿನತ್ತ ಓಡಿದ. ಅಷ್ಟರಲ್ಲಿ ಎದುರಿನ ಬಾಗಿಲು ತೆರೆಯಿತು.

“ಟೈಲರ್ ಕೆಲಸಕ್ಕೆ ಬಂದವರು ಯಾರು?”

“ಬಂದ ಸರ್, ಇಲ್ಲೇ ಇದ್ದಾನೆ,” ಅಂದಳು ಅಕ್ಕ.

ಕೊನೆಯ ಗುಂಡಿ ಹಾಕಿಕೊಳ್ಳುತ್ತಲೇ ತಮ್ಮ ಬಂದ, ಭಾವನ ಅಂಗಿಯನ್ನು ಅಕ್ಕನ ಕೈಗೆ ಕೊಟ್ಟ. ಅಭ್ಯಾಸಬಲದಿಂದ ಅವನ ಕಾಲರ್ ಸರಿಮಾಡಲು ಅಕ್ಕ ಕೈ ಚಾಚಿದಳು, ಸರಿಮಾಡುವಂಥದ್ದು ಏನೂ ಕಾಣದೆ ಹಿಂತೆಗೆದಳು.

ಬಾಗಿಲು ಮುಚ್ಚಿತು. ಭಾವನ ಅಂಗಿಯನ್ನು ಅವಳು ತೊಡೆಯ ಮೇಲೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.