ರಿಲೀವರ್ ಬಾರದ ಪಹರೆ

ನವೆಂಬರ್ ತಿಂಗಳ ಒಂದು ಶನಿವಾರ. ಮಧ್ಯಾಹ್ನ ಮೂರೂವರೆಗೇ ಸ್ವೀಡನ್ನಿನ ಸುಂಡ್‌ಬೀಬರ್ಯ್‌ನಲ್ಲಿ ಕತ್ತಲಾಗಿತ್ತು. ಬೆಳಿಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಅಲ್ಲಿಯ ಮಳೆ ನಮ್ಮ ಕಡೆಯದರ ಹಾಗೆ ಅಬ್ಬರಿಸಿ ಸುರಿದು ಮುಗಿಸುವಂಥದ್ದಲ್ಲ, ಸಣ್ಣಗೆ, ಸದ್ದಿಲ್ಲದೆ, ದಿನಗಟ್ಟಲೆ ಸುರಿಯುವಂಥದ್ದು. ಐದು ಮಹಡಿಯ ಆ ಬಾಡಿಗೆ ಕಟ್ಟಡದ ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಬಾಡಿಗೆದಾರರೆಲ್ಲ ಬಳಸುವ ಒಂದು ಹಾಲ್ ಇದೆ. ರಾಜ್ಯೋತ್ಸವದ ಹಾಡಿನ ಅಭ್ಯಾಸಕ್ಕೆಂದು ಹತ್ತು ಹನ್ನೆರಡು ಮಂದಿ ಕನ್ನಡದವರು ಅಲ್ಲಿ ಸೇರಿದ್ದರು. ಅಭ್ಯಾಸ ಮುಗಿದು ಎಲ್ಲರಿಗೂ ಹಸಿವಾಗಿತ್ತು. ಐದನೇ ಮಹಡಿಯಲ್ಲಿ ಆರತಿ ಮತ್ತು ಅವಳ ಗಂಡ ಸಂಕೇತ್ ಬಿಸಿಬೇಳೆಬಾತ್ ಮಾಡಿಟ್ಟು ಕಾಯುತ್ತಿದ್ದರು. ಆದರೆ ಲಿಫ್ಟು ಕೆಟ್ಟಿತ್ತು.

"ಐದು ಫ್ಲೋರ್ ತಾನೆ? ಹತ್ತೋಣ ನಡೀರಿ. ಇವತ್ತಿನ ಸ್ಟೆಪ್ಸ್ ಟಾರ್ಗೆಟ್ಟೂ ಮುಗಿಯತ್ತೆ," ಎಂದ ಚಿರಂತನ್. ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಕೆಲಸ. ಹಾಡಿಗೆ ತಬಲಾ ನುಡಿಸಲೆಂದು ಬಂದಿದ್ದ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಆರತಿಯ ತಾಯಿ ಶಾರದಮ್ಮ ಕೂತಿದ್ದರು. ಇಡೀ ಮಧ್ಯಾಹ್ನ ಒಂದು ಮಾತೂ ಆಡಿರಲಿಲ್ಲ. ಈಗ ಎದ್ದು ನಿಂತು ಬಾಗಿಲಿಗೆ ಬೆನ್ನು ಕೊಟ್ಟರು.

"ಕೂತ್ಕೊಳ್ರಪ್ಪಾ. ಹತ್ತೋಕೆ ಮುಂಚೆ ಒಂದು ವಿಷಯ ಕೇಳಿ."

"ಆಂಟಿ, ಹೊಟ್ಟೆ ತಾಳ ಹಾಕ್ತಿದೆ," ಎಂದ ಚಿರಂತನ್.

"ಹಾಕ್ಲಿ ಬಿಡು, ನೀನು ಹಾಕಿದ ತಾಳಕ್ಕಿಂತ ಅದೇ ವಾಸಿ ಇರತ್ತೆ."

ಎಲ್ಲರೂ ನಕ್ಕರು. ಶಾರದಮ್ಮ ನಗಲಿಲ್ಲ. ಮಂಗಳೂರು ಕಡೆಯ ವೆನಿಸಾ ಮೊದಲು ಕೂತಳು, ಅವಳ ಗಂಡ ನೆಲ್ಸನ್ ಕೂತ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೂತರು.

"ನಮ್ಮ ಯಜಮಾನ್ರು ಪೊಲೀಸು ಅನ್ನೋದು ಕೆಲವರಿಗೆ ಗೊತ್ತು... ದಾವಣಗೆರೆ ಮೀಸಲು ಪಡೇಲಿ ದಫೇದಾರ್ರು. ಅವರು ಕಳ್ಳನ್ನ ಹಿಡೀಲಿಲ್ಲ, ಯಾರಿಗೂ ಹೊಡೀಲಿಲ್ಲ. ಮೂವತ್ನಾಲ್ಕು ವರ್ಷ ನಿಂತ್ರು, ಅಷ್ಟೆ. ಖಜಾನೆ ಮುಂದೆ ನಿಂತ್ರು, ಜೈಲಿನ ಮುಂದೆ ನಿಂತ್ರು, ಓಟಿನ ಪೆಟ್ಟಿಗೆ ಇಟ್ಟ ರೂಮಿನ ಮುಂದೆ ನಿಂತ್ರು. ಸೆಂಟ್ರಿ ಡ್ಯೂಟಿಗೆ ಇರೋದು ಒಂದೇ ನಿಯಮ. ರಿಲೀವರ್ ಬಂದು 'ನಾನು ಬಂದೆ' ಅಂತ ಚಾರ್ಜ್ ತಗೊಳ್ಳೋ ತನಕ ಜಾಗ ಬಿಡಂಗಿಲ್ಲ. ಆರತಿ ಹುಟ್ಟಿದ ದಿನ ಇವರ ರಿಲೀವರ್ರು ಬಸ್ಸು ತಪ್ಪಿಸ್ಕೊಂಡ. ಇವರು ಮಗಳ ಮುಖ ನೋಡಿದ್ದು ಮಾರನೇ ದಿನ ಸಂಜೆ. ಖಜಾನೆಯಿಂದ ಆಸ್ಪತ್ರೆ ಎಷ್ಟು ದೂರ ಅಂತೀರಿ? ರಸ್ತೆ ದಾಟಿದ್ರೆ ಆಸ್ಪತ್ರೆ."

ಆಮೇಲೆ ನಿಧಾನಕ್ಕೆ, ನಿಲ್ಲಿಸಿ ನಿಲ್ಲಿಸಿ, ಅವರು ಹೇಳಿದ್ದು ಇದು.

ಕಳೆದ ವರ್ಷ ಇದೇ ತಿಂಗಳು. ದಫೇದಾರ ಗಂಗಾಧರಪ್ಪ ಮತ್ತು ಶಾರದಮ್ಮ ಮಗಳ ಮನೆಗೆ ಬಂದು ಮೂರು ತಿಂಗಳಾಗುತ್ತಿತ್ತು. ಡಿಸೆಂಬರ್ ಮೊದಲ ವಾರಕ್ಕೆ ವಾಪಸು ಟಿಕೆಟ್ಟಾಗಿತ್ತು. ದಾವಣಗೆರೆಯಲ್ಲಿ ಚಿಕ್ಕ ಮಗಳು ನವ್ಯಾಳಿಗೆ ದಿನ ತುಂಬುತ್ತಿದ್ದವು. ಈ ಸಲವಾದರೂ ಆಸ್ಪತ್ರೆಯ ಬಾಗಿಲಲ್ಲೇ ಇರಬೇಕು, ಹುಟ್ಟಿದ ಕೂಸನ್ನು ಮೊದಲು ತಾನೇ ಎತ್ತಿಕೊಳ್ಳಬೇಕು... ಗಂಗಾಧರಪ್ಪನಿಗಿದ್ದ ಆಸೆ ಅಷ್ಟೇ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದ.

ಹೊರಗೆ ಮಂಜು, ಕಾಲು ಜಾರುವ ನೆಲ. ಹಾಗಾಗಿ ಅವನ ವಾಕಿಂಗು ಕಟ್ಟಡದ ಮೆಟ್ಟಿಲ ಮೇಲೆಯೇ. ಬೆಳಿಗ್ಗೆ ಎರಡು ಸಲ, ಸಂಜೆ ನಾಲ್ಕಕ್ಕೆ ಎರಡು ಸಲ, ಐದು ಮಹಡಿ ಇಳಿದು ಹತ್ತುತ್ತಿದ್ದ. ಮನುಷ್ಯ ಬಂದರೆ ತಾನೇ ಹತ್ತಿಕೊಳ್ಳುವ, ಹೋದರೆ ತಾನೇ ಆರುವ ದೀಪಗಳು ಆ ಮೆಟ್ಟಿಲುಗಳಿಗೆ. ಒಂದು ಸಂಜೆ ಮೂರನೇ ಮಹಡಿಯ ದೀಪ ಹತ್ತಿಕೊಂಡಾಗ, ಒಂದು ಮನೆಯ ಬಾಗಿಲ ಬಲಗಡೆಗೆ ಸಮವಸ್ತ್ರದ ಆಳೊಬ್ಬ ನಿಂತಿದ್ದ. ಗಾಢ ನೀಲಿ ಬಟ್ಟೆ, ತೋಳಿನ ಮೇಲೆ ಯಾವುದೋ ಲಾಂಛನ, ತಲೆಗೆ ಕ್ಯಾಪು. ಈ ದೇಶದ ಪೊಲೀಸರ ದಿರಿಸಲ್ಲ, ಅಷ್ಟು ಗಂಗಾಧರಪ್ಪನಿಗೆ ತಿಳಿಯಿತು. ಇನ್ನೊಂದೂ ತಿಳಿಯಿತು. ಆ ಮನುಷ್ಯ ಒಂದು ಹಿಮ್ಮಡಿಯಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ, ಯಾರಿಗೂ ಗೊತ್ತಾಗದ ಹಾಗೆ. ವರ್ಷಗಟ್ಟಲೆ ಪಹರೆ ನಿಂತವನಿಗೆ ಮಾತ್ರ ಬರುವ ವಿದ್ಯೆ ಅದು.

ಹೆದರಿದನೇ? ಇಲ್ಲ. ಖುಷಿಯಾಯಿತು! ನೆರೆಮನೆಯವರೂ ಮುಖ ತಿರುಗಿಸಿ ಹೋಗುವ ಈ ಊರಿನಲ್ಲಿ, ಇಷ್ಟು ದಿನಗಳ ಮೇಲೆ, ತನ್ನ ಕಸುಬಿನವನೊಬ್ಬ ಸಿಕ್ಕಿದ್ದ. ಸೆಲ್ಯೂಟ್ ಹೊಡೆದ. ಅವನೂ ತಿರುಗಿ ಹೊಡೆದ.

ಮಾರನೇ ದಿನದಿಂದ ಶಾರದಮ್ಮನ ಸ್ಟೀಲ್ ಲೋಟಗಳು ಕಾಣೆಯಾಗತೊಡಗಿದವು.

"ಊರಿಂದ ಆರು ಲೋಟ ತಂದಿದ್ದೆ. ಎರಡೇ ಅದಾವೆ. ನುಂಗಿದ್ರಾ ಹೆಂಗೆ?"

"ಕೆಳಗೆ ಮೂರನೇ ಫ್ಲೋರಿನ ಮನೆ ಬಾಗಿಲಲ್ಲಿ ಒಬ್ಬ ಡ್ಯೂಟೀಲಿ ಅವ್ನೆ ಕಣೇ. ಕಾಫಿ ಕೊಟ್ಟು ಬಂದೆ. ಡ್ಯೂಟಿ ಮೇಲೆ ಕುಡಿಯಂಗಿಲ್ವೇನೋ, ಹಂಗೇ ಇಟ್ಟಿದಾನೆ. ಶಿಸ್ತಿನ ಮನುಷ್ಯ."

ಆರತಿ ನಕ್ಕಳು. "ಅಪ್ಪ, ಮೂರನೇ ಫ್ಲೋರಲ್ಲಿ ಯಾವ ಪೊಲೀಸೂ ಇಲ್ಲ. ಆ ಮನೆ ಎಷ್ಟೋ ವರ್ಷದಿಂದ ಖಾಲಿ ಇದೆ."

"ಖಾಲಿ ಮನೆಗೇ ಕಣಮ್ಮ ಪಹರೆ ಹಾಕೋದು," ಎಂದ ಗಂಗಾಧರಪ್ಪ.

ಹೀಗೆ ಒಂದು ವಾರ. ಎಂಟನೇ ದಿನ ಆ ಮನುಷ್ಯ ಬಾಯಿ ಬಿಟ್ಟ. ಭಾಷೆ ಯಾವುದೋ... ಆದರೆ ಭಾಷೆ ಯಾಕೆ ಬೇಕು? ಅವನು ತಾನು ನಿಂತ ಜಾಗ ತೋರಿಸಿದ, ಕೈಗಡಿಯಾರ ತೋರಿಸಿದ, ಗಂಗಾಧರಪ್ಪನ ಎದೆಯ ಕಡೆ ಬೆರಳು ಮಾಡಿದ, ಹುಬ್ಬೇರಿಸಿದ. ಲೋಕದ ಯಾವ ಮೂಲೆಯ ಸೆಂಟ್ರಿಯೇ ಆಗಲಿ, ಹಾಗೆ ಕೇಳುವುದು ಒಂದೇ ಪ್ರಶ್ನೆ. ನೀನೇನಾ ನನ್ನ ರಿಲೀವರ್?

ಗಂಗಾಧರಪ್ಪ ನಕ್ಕುಬಿಟ್ಟ. "ಅಲ್ಲಪ್ಪಾ ಅಲ್ಲ, ನಾನು ರಿಟೈರಾಗಿ ಎಂಟು ವರ್ಷ ಆಯ್ತು," ಎಂದು ಎಡಕ್ಕೂ ಬಲಕ್ಕೂ ಚೆನ್ನಾಗಿ ತಲೆಯಾಡಿಸಿದ. ಒಂದಲ್ಲ, ಎರಡಲ್ಲ, ಮೂರು ಸಲ.

ಆ ಮನುಷ್ಯನ ಕಣ್ಣಲ್ಲಿ ನೀರು ಬಂತು. ಕ್ಯಾಪು ತೆಗೆದ. ಗಂಗಾಧರಪ್ಪನ ಎರಡೂ ಕೈಯಲ್ಲಿ ಇಟ್ಟ. ಹಿಮ್ಮಡಿ ಕೂಡಿಸಿ ಒಂದು ಸೆಲ್ಯೂಟ್ ಹೊಡೆದು, ಮೆಟ್ಟಿಲಿಳಿದು ಹೋದ. ಅವನು ಇಳಿದ ಕಡೆ ಎರಡನೇ ಮಹಡಿಯ ದೀಪ ಹತ್ತಲಿಲ್ಲ, ಮೊದಲನೆಯದರದೂ ಹತ್ತಲಿಲ್ಲ. ಕತ್ತಲಲ್ಲೇ ಇಳಿದುಹೋದ.

ಗಂಗಾಧರಪ್ಪ ಏನು ಮಾಡಬೇಕಿತ್ತು? ಮನೆಗೆ ಬರಬೇಕಿತ್ತು. ನೀವಾಗಿದ್ದರೆ, ನಾನಾಗಿದ್ದರೆ, ಓಡಿ ಬರುತ್ತಿದ್ದೆವು. ಅವನು ಯೋಚಿಸಿದ್ದೇ ಬೇರೆ. ಪಾಪ, ಪಾಯಿಖಾನೆಗೆ ಹೋಗಿರಬೇಕು, ಐದು ನಿಮಿಷದಲ್ಲಿ ಬರುತ್ತಾನೆ, ಅಲ್ಲಿಯತನಕ ಜಾಗ ಖಾಲಿ ಬಿಡಬಾರದು... ಎಂದುಕೊಂಡು ಬಾಗಿಲ ಬಲಗಡೆಗೆ ನಿಂತ.

ಊಟದ ಹೊತ್ತಿಗೆ ಶಾರದಮ್ಮ ಹುಡುಕಿಕೊಂಡು ಬಂದರು. ಮೂರನೇ ಮಹಡಿ ಕತ್ತಲಾಗಿತ್ತು. ಶಾರದಮ್ಮ ಕಾಲಿಟ್ಟ ಮೇಲೆ ದೀಪ ಹತ್ತಿತು. ಗಂಗಾಧರಪ್ಪ ಅಲ್ಲಿಯೇ ನಿಂತಿದ್ದ. ಮೂರು ಗಂಟೆ ಹೊತ್ತು ನಿಂತಿದ್ದವನಿಗೆ ಹತ್ತದ ದೀಪ ಹೆಂಡತಿಗೆ ಹತ್ತಿತು. ಅವನ ಎರಡೂ ಕೈ ಏನನ್ನೋ ಹಿಡಿದ ಹಾಗಿದ್ದವು. ಕೈಯಲ್ಲಿ ಏನೂ ಇರಲಿಲ್ಲ.

"ಅವತ್ತು ನನಗೆ ಅರ್ಥ ಆಗ್ಲಿಲ್ಲ," ಎಂದರು ಶಾರದಮ್ಮ. "ಮಾರನೇ ದಿನ ಮೆಟ್ಟಿಲು ಒರೆಸೋ ಹೆಂಗಸು ಹೇಳಿದ್ಲು. ಅವಳು ಸ್ವೀಡಿಷಲ್ಲಿ ಹೇಳೋಳು, ಆರತಿ ಕನ್ನಡಕ್ಕೆ ಮಾಡೋಳು."

ಆ ಹೆಂಗಸು ಬಾಲ್ಕನ್ ಕಡೆಯ ಒಂದು ಚಿಕ್ಕ ದೇಶದವಳು. ದೇಶದ ಹೆಸರನ್ನು ಬಾಯಿಂದ ಆಡಬೇಡಿ ಎಂದಿದ್ದಳಂತೆ, ಹಾಗಾಗಿ ಶಾರದಮ್ಮನೂ ಆಡಲಿಲ್ಲ. ನಮ್ಮ ಎರಡು ಜಿಲ್ಲೆ ಸೇರಿಸಿದರೆ ಅಷ್ಟೇ ದೊಡ್ಡ ದೇಶ. ಎಲ್ಲರಿಗೂ ಎಲ್ಲರೂ ನೆಂಟರು. ಯುದ್ಧದ ಕಾಲದಲ್ಲಿ ನಡೆದ ಒಂದು ಕೊಲೆಗೆ ಅಲ್ಲಿ ಒಬ್ಬನೇ ಸಾಕ್ಷಿಯಿದ್ದ. ಅಂಥ ದೇಶದಲ್ಲಿ ಅವನನ್ನು ಎಲ್ಲಿ ಬಚ್ಚಿಡುವುದು? ಯಾವ ಊರಿಗೆ ಕಳಿಸಿದರೂ ಕೊಂದವನ ಸೋದರಮಾವನೋ ಭಾವಮೈದುನನೋ ಪಕ್ಕದ ಬೀದಿಯಲ್ಲಿ ಇರುತ್ತಾನೆ. ಅದಕ್ಕೇ ಆ ದೇಶದ ಪೊಲೀಸ್ ಪಡೆಯ ಹಿರಿಯ ಅಧಿಕಾರಿಯೊಬ್ಬ ಸಾಕ್ಷಿಯನ್ನು ಗುಟ್ಟಾಗಿ ಇಲ್ಲಿಗೆ ಕಳಿಸಿದ. ಜೊತೆಗೆ ಅಣ್ಣನ ವೇಷದಲ್ಲಿ ಒಬ್ಬ ಪೊಲೀಸಿನವನನ್ನೂ ಕಳಿಸಿದ. ಬಾಗಿಲ ಮೇಲೆ ಸುಳ್ಳು ಹೆಸರು. ಸಮವಸ್ತ್ರ ಪೆಟ್ಟಿಗೆಯ ತಳದಲ್ಲಿ. ಆರು ತಿಂಗಳಿಗೆ ರಿಲೀವರ್ ಬರುತ್ತಾನೆ ಎಂಬ ಮಾತು.

ಆದರೆ ಆ ಗುಟ್ಟು ಗೊತ್ತಿದ್ದುದು ಆ ಅಧಿಕಾರಿಯೊಬ್ಬನಿಗೇ. ಅವನು ಅಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದ. ಆಮೇಲೆ ಇಲ್ಲಿ ಒಬ್ಬ ಪೊಲೀಸಿನವನು ನಿಂತಿದ್ದಾನೆ ಎಂಬುದು ಯಾರಿಗೆ ಗೊತ್ತಿರಬೇಕು? ಎರಡು ವರ್ಷಕ್ಕೆ ಸಾಕ್ಷಿಯೂ ಕಾಯಿಲೆ ಬಿದ್ದು ಸತ್ತ. ಕಾಯಬೇಕಾದವನೇ ಇಲ್ಲ, ಆದರೂ ಹೋಗು ಎಂದು ಹೇಳುವವರೂ ಇಲ್ಲ. ಅವನು ಪೆಟ್ಟಿಗೆಯಿಂದ ಸಮವಸ್ತ್ರ ತೆಗೆದು ತೊಟ್ಟುಕೊಂಡು ಬಾಗಿಲ ಮುಂದೆ ನಿಂತ. ತನ್ನ ಭಾಷೆಯವಳೆಂದು ಆ ಹೆಂಗಸಿಗೊಬ್ಬಳಿಗೆ ಇದನ್ನೆಲ್ಲ ಹೇಳಿಕೊಂಡಿದ್ದನಂತೆ. ಒಂದು ಚಳಿಗಾಲ ನಿಂತಲ್ಲೇ ಪ್ರಾಣ ಬಿಟ್ಟ. ಹದಿನೈದು ವರ್ಷ ಆಯಿತು. "ಸತ್ತ ಮೇಲೆ ನನ್ನನ್ನೂ ದಿನಾ ರಿಲೀವರ್ ನೀನೇನಾ ಎಂದು ಕೇಳುತ್ತಿದ್ದ," ಎಂದಳಂತೆ ಆ ಹೆಂಗಸು. "ನಾನು ಕಣ್ಣು ತಗ್ಗಿಸಿ ಮೆಟ್ಟಿಲು ಒರೆಸುತ್ತಿದ್ದೆ. ನಿಮ್ಮವರು ಏನು ಉತ್ತರ ಕೊಟ್ಟರು?"

ಶಾರದಮ್ಮ ಎಡಕ್ಕೂ ಬಲಕ್ಕೂ ತಲೆಯಾಡಿಸಿ ತೋರಿಸಿದರು.

ಆ ಹೆಂಗಸು ಬಕೆಟ್ಟು ಕೆಳಗಿಟ್ಟಳು. ತನ್ನ ದೇಶದಲ್ಲಿ ಎಡಕ್ಕೂ ಬಲಕ್ಕೂ ತಲೆಯಾಡಿಸಿದರೆ ಹೌದು ಎಂದರ್ಥ, ಅಂದಳು.

ಹಾಲ್‌ನಲ್ಲಿ ಕೂತಿದ್ದ ಚಿರಂತನ್, ಮಾತು ಹಗುರ ಮಾಡಲೆಂದೋ ಏನೋ, "ಹಂಗಾದ್ರೆ ಸದಾ ತಲೆಯಾಡಿಸ್ತಾನೇ ಇರೋ ನಾವು ಇಂಡಿಯನ್ಸ್ ಎಲ್ಲದಕ್ಕೂ ಆ ದೇಶದಲ್ಲಿ ಸೈನ್ ಹಾಕಿದಂಗೇ," ಎಂದ. ಯಾರೂ ನಗಲಿಲ್ಲ.

"ನಾನು ಹೋಗಿ ಹೇಳ್ದೆ. ತಪ್ಪಾಗೈತೆ ಕಣ್ರೀ, ನೀವು ಇಲ್ಲ ಅಂದಿದ್ದು ಅವನಿಗೆ ಹೌದು ಅಂತ ಕೇಳಿಸಿದೆ, ಬನ್ನಿ ಮನೆಗೆ ಅಂತ. ಏನಂದ್ರು ಗೊತ್ತಾ? 'ಅವನು ಚಾರ್ಜ್ ಕೊಟ್ಟಾಯ್ತು ಶಾರದಾ, ನಾನು ಕೈನೀಡಿ ತಗೊಂಡಾಯ್ತು. ಈಗ ತಪ್ಪು ಅಂದ್ರೆ ಯಾರಿಗೆ ವಾಪಸ್ ಕೊಡ್ಲಿ?' "

ಊಟಕ್ಕೆ ಬರುತ್ತಿದ್ದ, ಎರಡು ತುತ್ತು ತಿಂದು ಇಳಿಯುತ್ತಿದ್ದ. ಸಂಕೇತ್ ಬೈದ, ಆರತಿ ಅತ್ತಳು, ವೈದ್ಯರ ಹತ್ತಿರ ಕರೆದುಕೊಂಡು ಹೋದರು. ವೈದ್ಯರು ಮಾತ್ರೆ ಬರೆದುಕೊಟ್ಟರು. ಮನೆಯ ಬೀಗ ಹಾಕಿ ಕೂರಿಸಿದರೆ ಕಿಟಕಿಯ ಪಕ್ಕದಲ್ಲಿ ಅದೇ ಭಂಗಿಯಲ್ಲಿ ನಿಂತು, ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮೂವತ್ನಾಲ್ಕು ವರ್ಷ ಒಂದು ಸಲವೂ ಜಾಗ ಬಿಡದ ಮನುಷ್ಯ. ಕ್ಯಾಲೆಂಡರಿನಲ್ಲಿ ಗೀಟು ಎಳೆಯುವುದನ್ನು ಮರೆತ.

ಟಿಕೆಟ್ಟಿನ ದಿನ ಬೆಳಿಗ್ಗೆ ಎಲ್ಲ ಸರಿಹೋದ ಹಾಗೆ ಕಂಡಿತು. ತಾನೇ ಕೋಟು ಹಾಕಿಕೊಂಡ. ನವ್ಯಾ ಆಸ್ಪತ್ರೆಗೆ ಸೇರಿದ್ದಾಳೆ ಎಂದು ಅಳಿಯನ ಫೋನು ಬಂದಿತ್ತು. "ನಾವು ಮುಟ್ಟೋ ತನಕ ತಡಕೊಳ್ಳೋಕೆ ಹೇಳು," ಎಂದು ನಕ್ಕಿದ್ದ. ಸೂಟ್‌ಕೇಸು ತುಂಬಿ ಎಲ್ಲರೂ ಲಿಫ್ಟಿನಲ್ಲಿ ಇಳಿದರು. ಮೂರನೇ ಮಹಡಿಯಲ್ಲಿ ಗಂಗಾಧರಪ್ಪ ಗುಂಡಿ ಒತ್ತಿ ನಿಲ್ಲಿಸಿದ. "ಎರಡೇ ನಿಮಿಷ. ಹೇಳಿ ಬರ್ತೀನಿ. ಹೇಳದೆ ಹೋದ್ರೆ ಓಡಿಹೋದಂಗಾಗುತ್ತೆ." ಶಾರದಮ್ಮ ಕೋಟು ಹಿಡಿದುಕೊಂಡರು. ಕೋಟಿನಿಂದ ತೋಳು ಬಿಡಿಸಿಕೊಂಡು ಹೊರಗೆ ಹೆಜ್ಜೆಯಿಟ್ಟ. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ಆರತಿ ಮೆಟ್ಟಿಲೇರಿ ಓಡಿದಳು. ಅವಳು ಬಂದ ಮೇಲೆ ದೀಪ ಹತ್ತಿತು. ಅಪ್ಪ ಬಾಗಿಲ ಬಲಗಡೆಗೆ, ಗೋಡೆಗೆ ಬೆನ್ನಿಟ್ಟು, ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ, ನೆಟ್ಟಗೆ ನಿಂತಿದ್ದ. ಕರೆದಳು. ಮುಟ್ಟಿದಳು. ಹೃದಯ ನಿಂತಿದೆ, ಮನುಷ್ಯ ಬಿದ್ದಿಲ್ಲ... ಇದು ಹೇಗೆ ಸಾಧ್ಯ ಎಂದು ಆಂಬುಲೆನ್ಸಿನವರು ಕೇಳಿದರು.

ಅದೇ ದಿನ ಸಂಜೆ ನವ್ಯಾಳಿಗೆ ಹೆಣ್ಣು ಮಗು ಹುಟ್ಟಿತು.

"ಇಲ್ಲೇ ಸುಟ್ವಿ," ಎಂದರು ಶಾರದಮ್ಮ. "ಬೂದಿ ತಗೊಂಡು ಹೋಗಿ ಹರಿಹರದಲ್ಲಿ ಹೊಳೆಗೆ ಬಿಟ್ಟೆ. ಮುಗೀತು ಅಂದ್ರು ಎಲ್ಲಾರೂ. ಮುಗಿದಿದ್ರೆ ನಾನ್ಯಾಕೆ ಕೂಸನ್ನ ಬಿಟ್ಟು ಮತ್ತೆ ಈ ಚಳಿಗೆ ಬರ್ತಿದ್ದೆ? ಬಂದ ದಿನವೇ ಮೂರನೇ ಮಹಡಿಗೆ ಹೋದೆ. ನಿಂತಿದ್ರು. ನನ್ನನ್ನ ನೋಡಿದ್ರು... ಗುರುತು ಸಿಗ್ಲಿಲ್ಲ. 'ರಿಲೀವರ್ರಾ?' ಅಂತ ಕೇಳಿದ್ರು. ನಾನು ಹೌದು ಅಂದೆ. ಹೂಂ ಅಂದೆ. ಆ ದೇಶದೋರ ಥರಾನೂ ತಲೆಯಾಡಿಸ್ದೆ, ನಮ್ಮ ಥರಾನೂ ಆಡಿಸ್ದೆ. ಕೈ ಚಾಚಿ ನಿಂತೆ. 'ಹೆಂಗಸರಿಗೆ ಪಹರೆ ಡ್ಯೂಟಿ ಇಲ್ಲಮ್ಮ, ಹೋಗು' ಅಂದ್ರು. ಸ್ಟೇಷನ್ ಗೇಟಿನಲ್ಲಿ ಯಾರಿಗೋ ಹೇಳ್ತಾರಲ್ಲ... ಹಂಗೆ. ಅವರ ಕಾಲದಾಗೆ ಅವರ ಪಡೇಲಿ ಹೆಂಗಸರು ಇರ್ಲಿಲ್ಲ ನೋಡಿ."

ವೆನಿಸಾ ಅಳುತ್ತಿದ್ದಳು. ನೆಲ್ಸನ್ ಅವಳ ಕೈ ಹಿಡಿದುಕೊಂಡಿದ್ದ.

"ಈಗ ಯಾಕೆ ಹೇಳ್ದೆ ಅಂತೀರಾ? ಲಿಫ್ಟ್ ಇದ್ರೆ ಹೇಳ್ತಿರ್ಲಿಲ್ಲ. ನೀವು ಗಂಡಸರು ಇಷ್ಟು ಜನ ಆ ಮೆಟ್ಟಿಲು ಹತ್ತಬೇಕು. ನಿಜ ಹೇಳ್ತೀನಿ ಕೇಳಿ, ಮಧ್ಯಾಹ್ನದಿಂದ ಬಾಯಿ ಮುಚ್ಕೊಂಡು ಕೂತಿದ್ದೆ. ಹೇಳದೇ ಇದ್ಬಿಡೋಣ ಅಂತ. ನಿಮ್ಮಲ್ಲಿ ಯಾರಾದ್ರೂ ಒಬ್ರು ಸುಮ್ನೆ ತಲೆಯಾಡಿಸ್ಬಿಟ್ರೆ ನಮ್ಮ ಯಜಮಾನ್ರು ಬಿಡುಗಡೆ ಆಗ್ತಾರಲ್ಲಾ ಅಂತ. ಆದ್ರೆ ಎಲ್ರಿಗೂ ಮನೇಲಿ ಒಬ್ಬೊಬ್ಬಳು ಶಾರದಾ ಇರ್ತಾಳೆ..."

ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಯಾರೂ ಏಳಲಿಲ್ಲ.

ನೆಲ್ಸನ್ ಕೇಳಿದ. "ಆಂಟಿ, ಆ ಪಹರೆಯವನು ಕೇಳುವುದು ಆ ದೇಶದ ಭಾಷೆಯಲ್ಲಿ ಅಲ್ವಾ? ನಾವು ಅರ್ಥ ಆಗದವರ ಹಾಗೆ ಸುಮ್ಮನೆ ಹೋದರೆ ಆಯ್ತಲ್ಲ. ಈ ಕಟ್ಟಡದಲ್ಲಿ ಇಷ್ಟು ಸ್ವೀಡಿಷ್ ಜನ ಓಡಾಡ್ತಾರೆ, ಯಾರಿಗೂ ಏನೂ ಆಗ್ಲಿಲ್ಲ."

"ಅವರಿಗೆ ಆಗಲ್ಲ ಮಗಾ. ಅವರಿಗೆ ಕೇಳಿದ್ದು ತಿಳಿಯಲ್ಲ, ತಿಳೀದೇ ಇದ್ರೆ ಉತ್ತರ ಬರಲ್ಲ," ಎಂದರು ಶಾರದಮ್ಮ. "ಆ ಭಾಷೇಲಿ ಕೇಳ್ತಿದ್ದೋನು ಇಳಿದು ಹೋದ. ಈಗ ಅಲ್ಲಿ ನಿಂತಿರೋರು ದಾವಣಗೆರೆಯೋರು... ಕನ್ನಡದಲ್ಲೇ ಕೇಳ್ತಾರೆ."